ಪಿಡಿಎಫ್‌ನಲ್ಲಿ ಒಡೆಯುವ ಒತ್ತಕ್ಷರ

ರಾಜ್ಯೋತ್ಸವ ವಿಶೇಷಾಂಕಕ್ಕೆ ಲೇಖನ ಕಳಿಸಿದವರಿಗೆ ಪತ್ರಿಕಾ ಕಚೇರಿಯಿಂದ ಬರುವ ಫೋನು ಅನೇಕ ಸಲ ಒಂದೇ ಮಾತಿನಿಂದ ಶುರುವಾಗುತ್ತದೆ: ‘ಸಾರ್, ಫೈಲ್ ಓಪನ್ ಆಯ್ತು, ಅಕ್ಷರ ಮಾತ್ರ ಬರ್ತಿಲ್ಲ.’ ಕಳಿಸಿದವರ ಕಂಪ್ಯೂಟರಿನಲ್ಲಿ ಎಲ್ಲವೂ ಅಚ್ಚುಕಟ್ಟಾಗಿರುತ್ತದೆ. ತೆರೆದವರ ಪರದೆಯಲ್ಲಿ ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಹೊತ್ತ ಯುರೋಪಿನ ಅಕ್ಷರಗಳು, ನಡುನಡುವೆ ಖಾಲಿ ಚೌಕ. ‘ಹಾಗಾದರೆ ಪಿಡಿಎಫ್ ಮಾಡಿ ಕಳಿಸ್ತೀನಿ’ ಎಂದು ಲೇಖಕರು ಸಮಾಧಾನ ಹೇಳುತ್ತಾರೆ. ಪಿಡಿಎಫ್ ಮಾಡಿದ ಮೇಲೂ ಅದೇ ಪೌಂಡ್ ಚಿಹ್ನೆ ಬಂದಾಗ ಏನು ಮಾಡಬೇಕೆಂಬುದು ಇಬ್ಬರಿಗೂ ತೋಚುವುದಿಲ್ಲ.

ಇದು ಒಂದು ಬಗೆಯ ತೊಂದರೆ. ಎರಡನೆಯದರಲ್ಲಿ ಅಕ್ಷರ ಕನ್ನಡದ್ದೇ, ಆದರೆ ಜೋಡಣೆ ತಪ್ಪಿರುತ್ತದೆ. ‘ಶಕ್ತಿ’ ಎಂಬುದು ‘ಶಕ್‌ತಿ’ ಆಗಿರುತ್ತದೆ, ‘ಕರ್ನಾಟಕ’ದ ಅರ್ಕಾವತ್ತು ಮಾಯವಾಗಿ ‘ಕರ್‌ನಾಟಕ’ ಉಳಿದಿರುತ್ತದೆ. ಆನ್‌ಲೈನಿನಲ್ಲಿ ಇಳಿಸಿಕೊಂಡ ರಸೀದಿ, ಪ್ರಮಾಣಪತ್ರ, ಪ್ರವೇಶಪತ್ರಗಳಲ್ಲಿ ಇದನ್ನು ನೋಡದ ಕನ್ನಡಿಗರು ಕಡಿಮೆ. ಮೂರನೆಯ ತೊಂದರೆ ಕಣ್ಣಿಗೆ ಬೀಳುವುದೇ ಇಲ್ಲ. ಪುಟ ಚೆನ್ನಾಗಿಯೇ ಇದೆ, ಒತ್ತು ಸರಿಯಿದೆ, ಅರ್ಕಾವತ್ತು ತನ್ನ ಜಾಗದಲ್ಲಿದೆ. ಆದರೆ ಅದರೊಳಗೆ ‘ಕರ್ನಾಟಕ’ ಎಂದು ಹುಡುಕಿದರೆ ಸಿಗುವುದಿಲ್ಲ. ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ‘ಕನಾಾಟಕ ಸಕಾಾರ’ ಎಂದು ಬೀಳುತ್ತದೆ.

ಮೂರೂ ತೊಂದರೆಗಳಿಗೆ ಕಾರಣ ಬೇರೆ ಬೇರೆ, ಪರಿಹಾರವೂ ಬೇರೆ ಬೇರೆ. ನಮ್ಮಲ್ಲಿ ಮಾತ್ರ ಮೂರಕ್ಕೂ ಒಂದೇ ಉತ್ತರ ಚಾಲ್ತಿಯಲ್ಲಿದೆ: ‘ಬೇರೆ ಫಾಂಟ್ ಹಾಕಿ ನೋಡಿ, ಆಗದಿದ್ದರೆ ಸ್ಕ್ಯಾನ್ ಮಾಡಿ ಕಳಿಸಿ.’ ಸ್ಕ್ಯಾನ್ ಮಾಡಿ ಕಳಿಸಿದ ಗಳಿಗೆಯಲ್ಲಿ ಕನ್ನಡ ಬರೆಹ ಬರೆಹವಾಗಿ ಉಳಿಯದೆ ಚಿತ್ರವಾಗಿಬಿಡುತ್ತದೆ. ಈ ಅಭ್ಯಾಸ ಕನ್ನಡಕ್ಕೆ ಮಾಡುತ್ತಿರುವ ನಷ್ಟ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ತಡೆಯುವುದು ಕಷ್ಟವೂ ಅಲ್ಲ.

ಹದಿನಾಲ್ಕು ಫಾಂಟುಗಳಲ್ಲಿ ಕನ್ನಡವಿಲ್ಲ

ಅಡೋಬಿ ಸಂಸ್ಥೆಯನ್ನು ಚಾರ್ಲ್ಸ್ ಗೆಶ್ಕಿ ಜೊತೆ 1982ರಲ್ಲಿ ಕಟ್ಟಿದ ಜಾನ್ ವಾರ್ನಾಕ್, 1991ರಲ್ಲಿ ‘ಕ್ಯಾಮೆಲಾಟ್’ ಎಂಬ ಯೋಜನೆಯ ಟಿಪ್ಪಣಿ ಬರೆದರು. ಯಾವುದೇ ಯಂತ್ರದಲ್ಲಿ, ಯಾವುದೇ ತಂತ್ರಾಂಶದಲ್ಲಿ ಸಿದ್ಧವಾದ ದಾಖಲೆ ಇನ್ನೊಬ್ಬರ ಪರದೆಯಲ್ಲೂ ಮುದ್ರಕದಲ್ಲೂ ಹಾಗೆಹಾಗೆಯೇ ಮೂಡಬೇಕು ಎಂಬುದು ಅದರ ತಿರುಳು. 1993ರಲ್ಲಿ ಅಕ್ರೋಬ್ಯಾಟ್ ತಂತ್ರಾಂಶದೊಂದಿಗೆ ಪಿಡಿಎಫ್ ಹೊರಬಂತು. 2008ರಲ್ಲಿ ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನಕವಾಗಿ, ಒಂದು ಕಂಪನಿಯ ಸ್ವತ್ತಾಗಿದ್ದದ್ದು ಎಲ್ಲರದಾಯಿತು.

ಆ ಕಾಲದಲ್ಲಿ ಡಿಸ್ಕಿನ ಜಾಗ ದುಬಾರಿ, ಫೋನ್ ತಂತಿಯ ಮೇಲಿನ ರವಾನೆ ನಿಧಾನ. ಕಡತ ಚಿಕ್ಕದಾಗಿರಲೆಂದು ಹದಿನಾಲ್ಕು ಫಾಂಟುಗಳು ಪಿಡಿಎಫ್ ತೋರಿಸುವ ತಂತ್ರಾಂಶದಲ್ಲಿ ಇದ್ದೇ ಇರುತ್ತವೆ ಎಂದು ಗೊತ್ತುಮಾಡಿಕೊಂಡರು. ಟೈಮ್ಸ್, ಹೆಲ್ವೆಟಿಕಾ, ಕೊರಿಯರ್, ಇವುಗಳ ದಪ್ಪ ಮತ್ತು ಓರೆ ರೂಪಗಳು, ಜೊತೆಗೆ ಚಿಹ್ನೆಗಳ ಎರಡು ಫಾಂಟುಗಳು. ಇಂಗ್ಲಿಷಿನಲ್ಲಿ ಬರೆಯುವವರು ಫಾಂಟಿನ ಗೊಡವೆಯೇ ಇಲ್ಲದೆ ವರ್ಷಗಟ್ಟಲೆ ಪಿಡಿಎಫ್ ಮಾಡಿಕೊಂಡು ಬಂದದ್ದು ಈ ಸೌಕರ್ಯದಿಂದ. ಆ ಹದಿನಾಲ್ಕರಲ್ಲಿ ಭಾರತದ ಒಂದು ಲಿಪಿಯೂ ಇರಲಿಲ್ಲ. ಹೀಗಾಗಿ ಕನ್ನಡದ ಪಿಡಿಎಫ್ ಮಾಡುವವರು ಮೊದಲ ದಿನದಿಂದಲೇ ತಮ್ಮ ಫಾಂಟನ್ನು ಕಡತದೊಳಗೆ ಬುತ್ತಿಯಂತೆ ಕಟ್ಟಿ ಕಳಿಸಬೇಕಿತ್ತು. ತಂತ್ರಾಂಶದ ಭಾಷೆಯಲ್ಲಿ ಇದನ್ನು ‘ಎಂಬೆಡ್’ ಮಾಡುವುದು ಎನ್ನುತ್ತಾರೆ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಪೌಂಡ್ ಚಿಹ್ನೆ ಎಲ್ಲಿಂದ ಬಂತು?

ಪೌಂಡ್ ಚಿಹ್ನೆಯ ಮೂಲ ನಮ್ಮ ಹಳೆಯ ಫಾಂಟುಗಳಲ್ಲಿದೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿದಾಗ, ಸಾಮಾನ್ಯ ಕಂಪ್ಯೂಟರುಗಳಿಗೆ ಕನ್ನಡವೆಂಬ ಲಿಪಿಯ ಅರಿವೇ ಇರಲಿಲ್ಲ. ಒಂದು ಫಾಂಟಿನಲ್ಲಿ ಸಿಗುತ್ತಿದ್ದದ್ದು 256 ಸ್ಥಾನ, ಅದರಲ್ಲೂ ಕೆಲವು ಬಳಕೆಗೆ ಬಾರದವು. ಕಾಗುಣಿತ ಮತ್ತು ಒತ್ತುಗಳ ಎಲ್ಲ ರೂಪಗಳನ್ನೂ ಅಷ್ಟರಲ್ಲಿ ಇಡಲಾಗದು. ಆದ್ದರಿಂದ ಅಕ್ಷರಗಳನ್ನು ಬಿಡಿಭಾಗಗಳಾಗಿ ಒಡೆದು, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿದರು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ನಾವು ಒತ್ತಿದ ಕೀಲಿಗಳನ್ನು ತಂತ್ರಾಂಶ ಈ ಬಿಡಿಭಾಗಗಳಾಗಿ ಮಾರ್ಪಡಿಸಿ ಪುಟದ ಮೇಲೆ ಕನ್ನಡ ಮೂಡಿಸುತ್ತಿತ್ತು. ಆ ಕಾಲಕ್ಕೆ ಅದು ದೊಡ್ಡ ಸಾಧನೆ. ಕನ್ನಡದ ಎಷ್ಟೋ ಪುಸ್ತಕ, ಪತ್ರಿಕೆ, ಸರ್ಕಾರಿ ಆದೇಶಗಳು ಅದರಿಂದಲೇ ಅಚ್ಚಾದವು.

ಆದರೆ ಕಡತದೊಳಗೆ ಉಳಿದದ್ದು ಕನ್ನಡವಲ್ಲ. ‘ನುಡಿ’ಯ ಹಳೆಯ ಫಾಂಟಿನಲ್ಲಿ ‘ಕರ್ನಾಟಕ’ ಎಂದು ಬರೆದರೆ, ‘ಕ’ ಇರುವೆಡೆ ಇಂಗ್ಲಿಷಿನ ದೊಡ್ಡ ‘ಪಿ’ ಮತ್ತು ತಲೆಗೀಟಿನ ‘ಎ’ ಇರುತ್ತವೆ. ‘ನ’ಕಾರದ ಜಾಗದಲ್ಲಿರುವುದೇ ಆ ಪೌಂಡ್ ಚಿಹ್ನೆ. ‘ಟ’ ಇಂಗ್ಲಿಷಿನ ಸಣ್ಣ ‘ಎಲ್’. ಫಾಂಟು ಜೊತೆಗಿದ್ದಷ್ಟು ಕಾಲ ಅದು ಕನ್ನಡವಾಗಿ ಕಾಣುತ್ತದೆ. ಫಾಂಟಿಲ್ಲದ ಯಂತ್ರದಲ್ಲಿ ಒಳಗಿರುವುದು ಹಾಗೆಯೇ ಹೊರಬೀಳುತ್ತದೆ. ಎಂಬೆಡ್ ಆಗದ ಪಿಡಿಎಫ್ ತೆರೆದಾಗ ಅಡೋಬಿ ರೀಡರ್ ತನ್ನಲ್ಲಿರುವ ಬದಲಿ ಫಾಂಟನ್ನು ಹಚ್ಚಿ ಆ ಪಿ, ಎಲ್, ಪೌಂಡುಗಳನ್ನು ನಿಷ್ಠೆಯಿಂದ ತೋರಿಸುತ್ತದೆ.

ಹೀಗಾಗಿದೆಯೇ ಎಂದು ತಿಳಿಯಲು ಕಷ್ಟಪಡಬೇಕಿಲ್ಲ. ರೀಡರಿನಲ್ಲಿ ಕಡತ ತೆರೆದು ಕಂಟ್ರೋಲ್ ಮತ್ತು ಡಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಡಾಕ್ಯುಮೆಂಟ್ ಪ್ರಾಪರ್ಟೀಸ್’ ತೆರೆಯುತ್ತದೆ. ಅಲ್ಲಿ ‘ಫಾಂಟ್ಸ್’ ಎಂಬ ವಿಭಾಗವಿದೆ. ಪ್ರತಿ ಫಾಂಟಿನ ಹೆಸರಿನ ಮುಂದೆ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಎಂದಿರಬೇಕು. ಸಬ್‌ಸೆಟ್ ಎಂದರೆ ದಾಖಲೆಯಲ್ಲಿ ಬಳಕೆಯಾದ ಅಕ್ಷರಗಳನ್ನು ಮಾತ್ರ ಸೇರಿಸಲಾಗಿದೆ ಎಂದರ್ಥ, ಅದರಿಂದ ಓದಿಗೆ ತೊಂದರೆಯಿಲ್ಲ. ಆ ಪದವೇ ಇಲ್ಲದೆ ಬರಿ ಹೆಸರಿದ್ದರೆ ಫಾಂಟು ಒಳಗೆ ಬಂದಿಲ್ಲ. ಲಿನಕ್ಸ್ ಬಳಸುವವರಿಗೆ ಪಾಪ್ಲರ್ ತಂತ್ರಾಂಶದ ಜೊತೆ ಬರುವ ‘ಪಿಡಿಎಫ್‌ಫಾಂಟ್ಸ್’ ಆದೇಶ ಇದೇ ವಿವರವನ್ನು ಒಂದು ಸಾಲಿನಲ್ಲಿ ಕೊಡುತ್ತದೆ. ಯೂನಿಕೋಡ್ ನಕ್ಷೆ ಇದೆಯೋ ಇಲ್ಲವೋ ಎಂಬುದನ್ನೂ ಅದು ಹೇಳುತ್ತದೆ. ಈ ನಕ್ಷೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಂಬೆಡ್ ಮಾಡಿಸುವ ನಂಬಿಕೆಯ ದಾರಿ ‘ಪಿಡಿಎಫ್/ಎ’. ದಾಖಲೆಗಳನ್ನು ಬಹುಕಾಲ ಕಾಪಿಡಲೆಂದು 2005ರಲ್ಲಿ ಐಎಸ್‌ಒ 19005 ಹೆಸರಿನಲ್ಲಿ ಬಂದ ಮಾನಕವಿದು. ಪುಟದಲ್ಲಿ ಕಾಣುವ ಪ್ರತಿ ಅಕ್ಷರದ ಫಾಂಟೂ ಕಡತದೊಳಗಿರಲೇಬೇಕು ಎಂಬುದು ಇದರ ಕಡ್ಡಾಯ ನಿಯಮ. ವರ್ಡ್‌ನಲ್ಲಿ ‘ಸೇವ್ ಆ್ಯಸ್’ ಕೊಟ್ಟು ಪಿಡಿಎಫ್ ಆರಿಸಿ, ‘ಆಪ್ಷನ್ಸ್’ ಒತ್ತಿದರೆ ಪಿಡಿಎಫ್/ಎ ಎಂಬ ಚೌಕ ಸಿಗುತ್ತದೆ. ಲಿಬ್ರೆ ಆಫೀಸ್‌ನ ‘ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್’ ಕಿಟಕಿಯಲ್ಲೂ ಇದೆ. ಆ ಚೌಕಕ್ಕೆ ಗುರುತು ಹಾಕುವುದನ್ನು ಅಭ್ಯಾಸ ಮಾಡಿಕೊಂಡರೆ ಮೊದಲ ಬಗೆಯ ತೊಂದರೆ ಬಹುಪಾಲು ಮುಗಿದಂತೆ.

ಕೆಲವು ಫಾಂಟುಗಳು ಇಷ್ಟಕ್ಕೂ ಬಗ್ಗುವುದಿಲ್ಲ. ಎಂಬೆಡ್ ಮಾಡಲು ಅನುಮತಿ ಇದೆಯೋ ಇಲ್ಲವೋ ಎಂಬ ಗುರುತನ್ನು ತಯಾರಕರು ಫಾಂಟಿನೊಳಗೇ ಬರೆದಿರುತ್ತಾರೆ. ನಿರ್ಬಂಧವಿದ್ದರೆ ವರ್ಡ್ ಆ ಅಕ್ಷರಗಳನ್ನು ಚಿತ್ರವಾಗಿಸಬಹುದು ಅಥವಾ ಬೇರೆ ಫಾಂಟು ಹಚ್ಚಬಹುದು. ಕನ್ನಡಕ್ಕೆ ಈಗ ಮುಕ್ತ ಪರವಾನಗಿಯ ಫಾಂಟುಗಳ ಕೊರತೆಯಿಲ್ಲ. ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಲೋಹಿತ್, ಗುಬ್ಬಿ, ನವಿಲು, ಬಾಲೂ ತಮ್ಮ, ಟಿರೊ ಕನ್ನಡ ಇವೆಲ್ಲ ನಿರ್ಭಯವಾಗಿ ಸೇರಿಸಬಹುದಾದವು. ಎಲ್ಲಿಂದಲೋ ಇಳಿಸಿಕೊಂಡ ಹೆಸರಿಲ್ಲದ ಫಾಂಟಿನಲ್ಲಿ ಪುಸ್ತಕ ಮಾಡುವುದಕ್ಕಿಂತ ಇವುಗಳಲ್ಲೊಂದನ್ನು ಹಿಡಿಯುವುದು ಲೇಸು.

ಒತ್ತು ಕಳಚುವುದು

ಫಾಂಟು ಒಳಗಿದ್ದೂ ‘ಶಕ್‌ತಿ’ ಬರುವುದೇಕೆ? ಇದನ್ನು ಅರ್ಥ ಮಾಡಿಕೊಳ್ಳಲು ಯೂನಿಕೋಡ್ ಕನ್ನಡವನ್ನು ಹೇಗೆ ಬರೆದಿಡುತ್ತದೆ ಎಂದು ತಿಳಿದಿರಬೇಕು. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳ ಒಂದು ಕಟ್ಟು ಮೀಸಲಿಟ್ಟಿತು. ಅದರಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನವಿಲ್ಲ, ಅರ್ಕಾವತ್ತಿಗೂ ಇಲ್ಲ. ಸ್ವರ, ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ವಿಸರ್ಗ, ಅಂಕಿ, ಹಲಂತ ಮುಂತಾದವು ಮಾತ್ರ. ‘ಸ್ತ್ರೀ’ ಎಂದು ಬರೆದರೆ ಕಡತದಲ್ಲಿ ಕೂರುವುದು ಆರು ಸಂಕೇತ: ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ. ನಾವು ಉಚ್ಚರಿಸುವ ಕ್ರಮವೇ ಅದು. ಈ ಆರನ್ನು ನೋಡಿ, ‘ತ’ಕಾರವನ್ನು ಒತ್ತಾಗಿಸಿ ಕೆಳಗಿಳಿಸಿ, ‘ರ’ಕಾರವನ್ನು ಅದರ ಪಕ್ಕಕ್ಕೆ ಬಳಸಿ, ‘ಸೀ’ ರೂಪವನ್ನು ಮೇಲಿಡುವ ಕೆಲಸ ಇನ್ನೊಬ್ಬರದು. ಆ ಕೆಲಸದ ಸೂತ್ರಗಳು ಫಾಂಟಿನೊಳಗೆ ಪಟ್ಟಿಯಾಗಿ ಇರುತ್ತವೆ. ಪಟ್ಟಿಯನ್ನು ಓದಿ ಜಾರಿ ಮಾಡುವುದು ‘ಶೇಪಿಂಗ್ ಎಂಜಿನ್’ ಎಂಬ ತಂತ್ರಾಂಶದ ತುಣುಕು.

ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಫಾಂಟಿನೊಂದಿಗೆ ಬಂದಾಗ ಮೈಕ್ರೊಸಾಫ್ಟಿನ ಯೂನಿಸ್ಕ್ರೈಬ್ ಈ ಕೆಲಸ ಮಾಡತೊಡಗಿತು. ಈಗ ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲವೂ ‘ಹಾರ್ಫ್‌ಬಜ್’ ಎಂಬ ಮುಕ್ತ ಎಂಜಿನನ್ನು ನೆಚ್ಚಿಕೊಂಡಿವೆ. ಹಾಗಾಗಿ ಇಂದು ಪರದೆಯ ಮೇಲೆ ಕನ್ನಡ ಒಡೆಯುವುದು ಅಪರೂಪ. ಪಿಡಿಎಫ್‌ನಲ್ಲಿ ಒಡೆಯುತ್ತದೆ, ಏಕೆಂದರೆ ಅಲ್ಲಿ ಈ ಎಂಜಿನನ್ನು ಹಾಯದೆಯೇ ಅಕ್ಷರಗಳು ಪುಟಕ್ಕೆ ಬೀಳುವ ದಾರಿಗಳಿವೆ.

ಅಂಥ ದಾರಿಗಳಲ್ಲಿ ಮೊದಲನೆಯದು ಜಾಲತಾಣಗಳು ತಾವಾಗಿಯೇ ತಯಾರಿಸಿಕೊಡುವ ಪಿಡಿಎಫ್. ನೀವು ಗುಂಡಿ ಒತ್ತುತ್ತೀರಿ, ಸರ್ವರಿನಲ್ಲಿರುವ ಒಂದು ಲೈಬ್ರರಿ ನಿಮ್ಮ ಹೆಸರು, ಊರು, ತಾಲ್ಲೂಕನ್ನು ಪುಟದ ಮೇಲೆ ಇಡುತ್ತದೆ. ಆ ಲೈಬ್ರರಿಗೆ ಶೇಪಿಂಗ್ ಗೊತ್ತಿಲ್ಲದಿದ್ದರೆ ಆರು ಸಂಕೇತವನ್ನು ಆರು ಬಿಡಿ ಅಕ್ಷರವಾಗಿ ಸಾಲಾಗಿ ಜೋಡಿಸುತ್ತದೆ. ಪಿಎಚ್‌ಪಿಯ ಜನಪ್ರಿಯ ಎಫ್‌ಪಿಡಿಎಫ್ ಇಂಥದ್ದು. ಜಾವಾದ ಐಟೆಕ್ಸ್ಟ್ 5ಕ್ಕೂ ಭಾರತೀಯ ಲಿಪಿಗಳ ಜೋಡಣೆ ಬಾರದು. ಅದರ ಮುಂದಿನ ಆವೃತ್ತಿಯಲ್ಲಿ ಹಣ ಕೊಟ್ಟು ಕೊಳ್ಳುವ ಪ್ರತ್ಯೇಕ ಘಟಕ ಹಚ್ಚಿದರೆ ಬರುತ್ತದೆ. ಎಂಪಿಡಿಎಫ್‌ಗೆ 6ನೇ ಆವೃತ್ತಿಯಿಂದ ಬರುತ್ತದೆ, ಆದರೆ ಕನ್ನಡ ಫಾಂಟಿಗೆ ‘ಓಟಿಎಲ್’ ಎಂಬ ಆಯ್ಕೆಯನ್ನು ತೆರೆದಿಡಬೇಕು. ಆ ಒಂದು ಸಾಲನ್ನು ಬರೆಯದೆ ಬಿಟ್ಟ ಕಡೆ ಒತ್ತಕ್ಷರ ಚೆಲ್ಲಾಪಿಲ್ಲಿ. ಇದಕ್ಕೆಲ್ಲ ಸುಲಭದ ಉಪಾಯ, ಪುಟವನ್ನು ಮೊದಲು ಎಚ್‌ಟಿಎಂಎಲ್‌ನಲ್ಲಿ ರೂಪಿಸಿ, ಕಿಟಕಿ ಇಲ್ಲದೆ ಓಡುವ ಕ್ರೋಮ್ ಬ್ರೌಸರಿನಿಂದಲೇ ಪಿಡಿಎಫ್ ಮುದ್ರಿಸಿಕೊಳ್ಳುವುದು. ಬ್ರೌಸರಿಗೆ ಕನ್ನಡ ಬರುತ್ತದೆಯಾದ್ದರಿಂದ ಪಿಡಿಎಫ್‌ಗೂ ಬರುತ್ತದೆ. ಸರ್ವರಿನಲ್ಲಿ ಒಂದು ಕನ್ನಡ ಫಾಂಟನ್ನು ಸ್ಥಾಪಿಸಲು ಮರೆಯಬಾರದು. ಮರೆತರೆ ಪುಟದ ತುಂಬ ಖಾಲಿ ಚೌಕ ಬರುತ್ತದೆ.

ಇಲ್ಲಿ ನನ್ನ ಒಂದು ಆಕ್ಷೇಪ ಇದೆ. ಪ್ರಮಾಣಪತ್ರದಲ್ಲಿ ಹೆಸರು ಒಡೆದು ಬಂದಾಗ ‘ಕನ್ನಡ ಕಂಪ್ಯೂಟರಿಗೆ ಒಗ್ಗುವುದಿಲ್ಲ’ ಎಂದು ಹೇಳಿ ಇಂಗ್ಲಿಷಿಗೆ ತಿರುಗಿಸಿಬಿಡುವವರಿದ್ದಾರೆ. ಕನ್ನಡ ಒಗ್ಗದೆ ಹೋಗಲು ಯಾವ ಕಾರಣವೂ ಉಳಿದಿಲ್ಲ. ಸರಿಯಾದ ಲೈಬ್ರರಿ ಆರಿಸಿಲ್ಲ, ಆರಿಸಿದ ಮೇಲೆ ‘ಕೃಷ್ಣಮೂರ್ತಿ’ ಎಂಬ ಹೆಸರನ್ನೊಮ್ಮೆ ಹಾಕಿ ಪರೀಕ್ಷಿಸಿಲ್ಲ, ಅಷ್ಟೇ.

ಎರಡನೆಯ ದಾರಿ ಅಚ್ಚಿನ ಮನೆಯ ತಂತ್ರಾಂಶಗಳದು. ಪೇಜ್‌ಮೇಕರ್ ಇಂದಿಗೂ ಹಲವು ಡಿಟಿಪಿ ಕೇಂದ್ರಗಳಲ್ಲಿ ಜೀವಂತ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ತಿಳಿಯದು. ಇನ್‌ಡಿಸೈನ್‌ಗೆ 2012ರ ಸಿಎಸ್6 ಆವೃತ್ತಿಯಿಂದ ಭಾರತೀಯ ಲಿಪಿಗಳು ತಿಳಿಯುತ್ತವೆ. ಆದರೂ ಕನ್ನಡ ಅಂಟಿಸಿದೊಡನೆ ಒತ್ತುಗಳು ಚದುರುವುದುಂಟು. ಪ್ಯಾರಾಗ್ರಾಫಿನ ‘ಜಸ್ಟಿಫಿಕೇಷನ್’ ಆಯ್ಕೆಯಲ್ಲಿ ‘ಕಂಪೋಸರ್’ ಎಂಬ ಪಟ್ಟಿಯಿದೆ, ಅದರಲ್ಲಿ ‘ವರ್ಲ್ಡ್ ರೆಡಿ’ ಎಂದಿರುವುದನ್ನು ಆರಿಸಿದರೆ ಸಾಲು ಕೂಡಿಕೊಳ್ಳುತ್ತದೆ. ಪುಟವಿನ್ಯಾಸ ಕಲಿಸುವ ಎಷ್ಟೋ ತರಬೇತಿಗಳಲ್ಲಿ ಈ ಒಂದು ಆಯ್ಕೆಯ ಸುದ್ದಿಯೇ ಬರುವುದಿಲ್ಲ. ಇದನ್ನು ತಿಳಿಯದೆ ‘ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಆಗಲ್ಲ’ ಎಂದು ನಂಬಿ ಹಳೆಯ ಫಾಂಟಿಗೇ ಅಂಟಿಕೊಂಡವರು ಬಹಳ ಮಂದಿ.

ಸಣ್ಣ ಸಂಗತಿಗಳೂ ಇವೆ. ‘ರ‍್ಯಾಂಕ್’ ಎಂದು ಬರೆಯಲು ರಕಾರದ ಬಳಿಕ ಕಣ್ಣಿಗೆ ಕಾಣದ ಒಂದು ಜೋಡಣೆ ಸಂಕೇತ ಬೇಕು. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರದ ಒತ್ತು ಬೀಳದಿರಲು ಕಾಣದ ಇನ್ನೊಂದು ಸಂಕೇತ ಬೇಕು. ಕೆಲವು ಪರಿವರ್ತಕಗಳು ಇವನ್ನು ಕಸವೆಂದು ತಿಳಿದು ತೆಗೆದುಹಾಕುತ್ತವೆ. ಆಗ ರ‍್ಯಾಂಕ್ ‘ರ್ಯಾಂಕ್’ ಆಗುತ್ತದೆ, ರಾಜ್‌ಕುಮಾರ್ ‘ರಾಜ್ಕುಮಾರ್’ ಆಗುತ್ತಾರೆ. ಒತ್ತಿನ ಬಾಲ ಕತ್ತರಿಸಿಹೋಗುವುದಂತೂ ಬಲು ಸಾಮಾನ್ಯ. ವರ್ಡ್‌ನಲ್ಲಿ ಸಾಲಿನ ಅಂತರವನ್ನು ‘ಎಗ್ಸ್ಯಾಕ್ಟ್ಲಿ’ ಎಂದು ಇಕ್ಕಟ್ಟಾಗಿ ಬಿಗಿದಿದ್ದರೆ ‘ರಾಷ್ಟ್ರೀಯ’ದ ಕೆಳಭಾಗ ಪಿಡಿಎಫ್‌ನಲ್ಲಿ ಮಾಯ. ಅಂತರವನ್ನು ‘ಮಲ್ಟಿಪಲ್’ಗೆ ಬದಲಿಸಿದರೆ ಸರಿಹೋಗುತ್ತದೆ. ದಪ್ಪಕ್ಷರದ ಫಾಂಟಿಲ್ಲದೆ ‘ಬೋಲ್ಡ್’ ಒತ್ತಿದರೆ ತಂತ್ರಾಂಶ ಅಕ್ಷರದ ಅಂಚನ್ನು ಉಬ್ಬಿಸಿ ದಪ್ಪ ಮಾಡುತ್ತದೆ, ಆಗ ‘ಷ’ದ ಹೊಟ್ಟೆಯ ಗೆರೆ ಮುಚ್ಚಿಹೋಗುತ್ತದೆ. ನಿಜವಾದ ದಪ್ಪ ರೂಪವಿರುವ ಫಾಂಟನ್ನೇ ಬಳಸಬೇಕು.

ಯಾವ ದಾರಿಯಲ್ಲಿ ಪಿಡಿಎಫ್ ಮಾಡಿದರೂ ಮೊದಲು ಒಂದು ಪರೀಕ್ಷೆಯ ಸಾಲನ್ನು ಹಾಯಿಸಿ ನೋಡುವುದು ಒಳ್ಳೆಯದು. ಸ್ತ್ರೈಣ, ರಾಷ್ಟ್ರೀಯ, ಅರ್ಘ್ಯ, ಕರ್ತೃ, ವೈಶಿಷ್ಟ್ಯ, ಜ್ಞಾನ, ಕ್ಷೌರ, ರ‍್ಯಾಂಕ್, ರಾಜ್‌ಕುಮಾರ್. ಮೂರಂತಸ್ತಿನ ಒತ್ತು, ಅರ್ಕಾವತ್ತಿನ ಜೊತೆ ಇನ್ನೊಂದು ಒತ್ತು, ಮೇಲೂ ಕೆಳಗೂ ಹರಡುವ ಐಕಾರ, ಕಾಣದ ಸಂಕೇತ ಎಲ್ಲವೂ ಇದರಲ್ಲಿವೆ. ಈ ಒಂಬತ್ತು ಪದ ನೆಟ್ಟಗೆ ಬಂದರೆ ಉಳಿದ ಕನ್ನಡವೂ ಬಹುತೇಕ ನೆಟ್ಟಗೆ ಬರುತ್ತದೆ.

ಕಣ್ಣಿಗೆ ಕಂಡರೆ ಸಾಲದು

ಈಗ ಮೂರನೆಯ ತೊಂದರೆ. ಪಿಡಿಎಫ್ ಮೂಲತಃ ಪುಟದ ವರ್ಣನೆ. ಇಂಥ ಫಾಂಟಿನ ಇಂತಿಷ್ಟನೆಯ ಆಕೃತಿಯನ್ನು ಇಂಥ ಜಾಗದಲ್ಲಿ ಇಡು ಎಂಬ ಆದೇಶಗಳ ಸರಣಿ. ಆ ಆಕೃತಿ ‘ಕ’ವೋ ‘ಕಿ’ಯೋ ಅರ್ಕಾವತ್ತೋ ಎಂಬುದು ಅದಕ್ಕೆ ತಾನಾಗಿ ತಿಳಿಯದು. ತಿಳಿಸಲೆಂದು ಪ್ರತಿ ಫಾಂಟಿನ ಜೊತೆ ‘ಟುಯೂನಿಕೋಡ್’ ಎಂಬ ನಕ್ಷೆಯನ್ನು ಸೇರಿಸಬಹುದು: ಈ ಆಕೃತಿ ಎಂದರೆ ಈ ಯೂನಿಕೋಡ್ ಸಂಕೇತ, ಅಥವಾ ಸಂಕೇತಗಳ ಗುಂಪು.

ಇಂಗ್ಲಿಷಿಗೆ ಈ ನಕ್ಷೆ ಸಾಕಾಗುತ್ತದೆ, ಕನ್ನಡಕ್ಕೆ ಸಾಲುವುದಿಲ್ಲ. ‘ಕರ್ನಾಟಕ’ದಲ್ಲಿ ರಕಾರ, ಹಲಂತ ಮೊದಲು ಬಂದು ಆಮೇಲೆ ನಕಾರ, ಆಕಾರ ಬರುತ್ತವೆ. ಪುಟದ ಮೇಲೆ ಇಡುವಾಗ ‘ನಾ’ ಮೊದಲು, ಅರ್ಕಾವತ್ತು ಆಮೇಲೆ. ನಕ್ಷೆ ಒಂದೊಂದೇ ಆಕೃತಿಯ ಹೆಸರು ಹೇಳಬಲ್ಲದು, ಅವುಗಳ ಕ್ರಮ ತಿರುಗಿಸಲಾರದು. ಹೀಗಾಗಿ ನಕಲು ಮಾಡಿದ ಪಠ್ಯದಲ್ಲಿ ‘ಕನಾರ್ಟಕ’ ಬರುತ್ತದೆ. ಅರ್ಕಾವತ್ತಿನ ಆಕೃತಿಗೆ ನಕ್ಷೆಯಲ್ಲಿ ತಪ್ಪು ಹೆಸರು ಅಂಟಿದ್ದರೆ ‘ಕನಾಾಟಕ’ ಬರುತ್ತದೆ. ಒಂದೇ ಪುಟ, ಒಂದೇ ಪದ, ಕಣ್ಣಿಗೆ ಸರಿ, ಒಳಗೆ ತಪ್ಪು.

ಈ ಕೊರತೆಯನ್ನು ನೀಗಲು 2001ರಷ್ಟು ಹಿಂದೆಯೇ ಪಿಡಿಎಫ್ 1.4ರಲ್ಲಿ ‘ಆ್ಯಕ್ಚುಯಲ್‌ಟೆಕ್ಸ್ಟ್’ ಎಂಬ ವ್ಯವಸ್ಥೆ ಬಂತು. ಆಕೃತಿಗಳ ಒಂದು ಗುಂಪಿನ ಹಿಂದೆ ಅದರ ನಿಜವಾದ ಪಠ್ಯವನ್ನು ಅದೇ ಕ್ರಮದಲ್ಲಿ ಬರೆದಿಡಬಹುದು. ಲಿಬ್ರೆ ಆಫೀಸ್‌ನ ಈಚಿನ ಆವೃತ್ತಿಗಳು ಹೀಗೆ ಬರೆದಿಡುತ್ತವೆ. ಆದ್ದರಿಂದಲೇ ಕನ್ನಡದ ದಾಖಲೆಯನ್ನು ಹುಡುಕುವಂತಿರಿಸಬೇಕೆಂದರೆ ಅದನ್ನು ಲಿಬ್ರೆ ಆಫೀಸ್‌ನಿಂದ ಪಿಡಿಎಫ್ ಮಾಡಿ ಎಂದು ನಾನು ಸಲಹೆ ಕೊಡುತ್ತೇನೆ. ವರ್ಡ್ ಬಳಸುವವರು ಪ್ರಿಂಟರಿನ ಪಟ್ಟಿಯಲ್ಲಿರುವ ‘ಪ್ರಿಂಟ್ ಟು ಪಿಡಿಎಫ್’ ಬದಲು ‘ಸೇವ್ ಆ್ಯಸ್’ ಹಿಡಿಯುವುದು ಮೇಲು. ಮುದ್ರಣದ ದಾರಿಯಲ್ಲಿ ಶೀರ್ಷಿಕೆ, ಕೊಂಡಿ ಮುಂತಾದ ಒಳರಚನೆ ಉಳಿಯುವುದಿಲ್ಲ.

ಇಷ್ಟೆಲ್ಲ ಯಾಕೆ, ಓದಲು ಬಂದರೆ ಸಾಲದೆ ಎಂದು ಕೇಳಬಹುದು. ಕಣ್ಣು ಕಾಣದ ಓದುಗರಿಗೆ ಸಾಲದು. ಅವರು ದಾಖಲೆ ಓದುವುದು ಎನ್‌ವಿಡಿಎಯಂಥ ಪರದೆ ಓದುವ ತಂತ್ರಾಂಶದಿಂದ, ಕನ್ನಡದಲ್ಲಿ ಮಾತಾಡುವ ಇ-ಸ್ಪೀಕ್ ಧ್ವನಿಯಿಂದ. ಎರಡೂ ಉಚಿತ, ಎರಡೂ ಲಭ್ಯ. ಆ ಧ್ವನಿ ಓದುವುದು ಪುಟದ ಮೇಲೆ ಕಾಣುವುದನ್ನಲ್ಲ, ಒಳಗಿನ ಪಠ್ಯವನ್ನು. ನುಡಿಯ ಹಳೆಯ ಫಾಂಟಿನ ಪಿಡಿಎಫ್‌ನಲ್ಲಿ ಅವರಿಗೆ ಕೇಳಿಸುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಸ್ಕ್ಯಾನ್ ಮಾಡಿದ ಆದೇಶದಲ್ಲಿ ಬರಿ ಮೌನ. ಮಾಹಿತಿ ಎಲ್ಲರಿಗೂ ಎಟಕುವ ರೂಪದಲ್ಲಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಪಿಂಚಣಿಯ ಸುತ್ತೋಲೆಯನ್ನು, ನೇಮಕಾತಿಯ ಅಧಿಸೂಚನೆಯನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದ ಅವಮಾನವನ್ನು ನಾವು ಒಂದು ಫಾಂಟಿನ ಅಸಡ್ಡೆಯಿಂದ ಅವರ ಮೇಲೆ ಹೇರುತ್ತಿದ್ದೇವೆ. ಇದನ್ನು ನಾನು ತಾಂತ್ರಿಕ ದೋಷ ಎಂದು ಕರೆಯಲು ಒಪ್ಪುವುದಿಲ್ಲ, ಇದು ಅನ್ಯಾಯ.

ಸಂಶೋಧಕರ ಮಾತೂ ಅದೇ. ಹುಡುಕಾಟಕ್ಕೆ ಸಿಗದ ಪ್ರಬಂಧ ಮುಂದಿನ ಸಂಶೋಧಕನ ಪಾಲಿಗೆ ಇಲ್ಲದ್ದೇ. ವರ್ಷಾನುಗಟ್ಟಲೆ ದುಡಿದು ಬರೆದ ಪಿಎಚ್.ಡಿ ಪ್ರಬಂಧ ವಿಶ್ವವಿದ್ಯಾಲಯದ ಜಾಲತಾಣದಲ್ಲಿದ್ದೂ ಒಂದು ಪದ ಹುಡುಕಿದವರಿಗೆ ಸಿಗದೆ ಹೋಗುತ್ತದೆ.

ಹಳೆಯ ಕಡತಗಳು, ಹಳೆಯ ಅಭ್ಯಾಸಗಳು

ಮುದ್ರಣಾಲಯಗಳಲ್ಲಿ ‘ಕರ್ವ್ಸ್ ಮಾಡಿ ಕೊಡಿ’ ಎಂಬ ಮಾತು ಚಾಲ್ತಿಯಲ್ಲಿದೆ. ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನೆಲ್ಲ ಆಯ್ದು ‘ಕನ್ವರ್ಟ್ ಟು ಕರ್ವ್ಸ್’ ಒತ್ತಿದರೆ ಅವು ಬರಿ ಗೆರೆಗಳಾಗುತ್ತವೆ, ಫಾಂಟಿನ ಹಂಗು ತಪ್ಪುತ್ತದೆ. ಮದುವೆ ಕರೆಯೋಲೆಗೆ, ಫ್ಲೆಕ್ಸಿಗೆ ಇದು ಸರಿಯಾದ ಉಪಾಯವೇ. ಮುನ್ನೂರು ಪುಟದ ಪುಸ್ತಕಕ್ಕೆ ಅಲ್ಲ. ಗೆರೆಯಾದ ಅಕ್ಷರವನ್ನು ಮತ್ತೆ ತಿದ್ದಲಾಗದು, ಎರಡನೆಯ ಮುದ್ರಣಕ್ಕೆ ಒಂದು ಕಾಗುಣಿತ ಸರಿಪಡಿಸಲೂ ಮೂಲ ಕಡತ ಬೇಕು. ಆ ಕಡತ ಅಷ್ಟರಲ್ಲಿ ಎಲ್ಲೋ ಕಳೆದಿರುತ್ತದೆ. ಮುದ್ರಕರಿಗೆ ಕರ್ವ್ಸ್ ಕೊಟ್ಟರೂ ಲೇಖಕರು, ಪ್ರಕಾಶಕರು ಪಠ್ಯವುಳ್ಳ ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳಲೇಬೇಕು.

ನುಡಿ, ಬರಹ, ಶ್ರೀಲಿಪಿ, ಪ್ರಕಾಶಕ್‌ಗಳಲ್ಲಿ ಬೆರಳಚ್ಚಾದ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ. ನುಡಿ ಮತ್ತು ಬರಹದ ಹಳೆಯ ಫಾಂಟುಗಳ ಸಂಕೇತ ಬಹುಮಟ್ಟಿಗೆ ಒಂದೇ ಆದ್ದರಿಂದ ಅವುಗಳ ಪರಿವರ್ತನೆ ಸುಲಭ. ಶ್ರೀಲಿಪಿ, ಪ್ರಕಾಶಕ್‌ಗಳ ಸಂಕೇತ ಬೇರೆ, ಅವಕ್ಕೆ ಬೇರೆಯೇ ಪರಿವರ್ತಕ ಬೇಕು. ಪರಿವರ್ತಿಸಿದ್ದನ್ನು ತಿದ್ದದೆ ಅಚ್ಚಿಗೆ ಕೊಡಬಾರದು. ಮೂಲದಲ್ಲಿ ನಡುವೆ ಬಂದಿದ್ದ ಇಂಗ್ಲಿಷ್ ಪದಗಳು ಕನ್ನಡದ ಚೂರುಗಳಾಗಿ ಬದಲಾಗಿರುತ್ತವೆ, ಉದ್ಧರಣ ಚಿಹ್ನೆಗಳು ಅಕ್ಷರಗಳಾಗಿರುತ್ತವೆ. ಇನ್ನೊಂದನ್ನು ಮುಖ್ಯವಾಗಿ ಗಮನಿಸಬೇಕು. ಅರ್ಕಾವತ್ತಿಗೆ ಬದಲಾಗಿ ಕನ್ನಡದ ಒಂಬತ್ತರ ಅಂಕಿಯನ್ನು ಹಾಕಿ ‘ಕನಾ೯ಟಕ’ ಎಂದು ಬೆರಳಚ್ಚಿಸಿದವರು ಬಹಳ. ಕಣ್ಣಿಗೆ ಎರಡೂ ಒಂದೇ ಥರ ಕಾಣುವುದರಿಂದ ಕರಡು ತಿದ್ದುವವರೂ ಹಿಡಿಯಲಾರರು. ಅಕ್ಷರಕ್ಕೆ ತಾಗಿದ ೯ ಇದೆಯೇ ಎಂದು ಹುಡುಕಿದರೆ ಎಲ್ಲವೂ ಒಟ್ಟಿಗೆ ಸಿಗುತ್ತವೆ.

ಮೂಲ ಕಡತವೇ ಇಲ್ಲದೆ ಸ್ಕ್ಯಾನ್ ಮಾತ್ರ ಉಳಿದಿದ್ದರೆ ಅಕ್ಷರ ಗುರುತಿಸುವ ತಂತ್ರಾಂಶ, ಅಂದರೆ ಓಸಿಆರ್ ಒಂದೇ ದಾರಿ. ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನು ಗುರುತಿಸುತ್ತದೆ. ಗೂಗಲ್ ಡ್ರೈವ್‌ಗೆ ಚಿತ್ರವನ್ನೇರಿಸಿ ‘ಗೂಗಲ್ ಡಾಕ್ಸ್’ನಲ್ಲಿ ತೆರೆದರೂ ಪಠ್ಯ ಸಿಗುತ್ತದೆ. ಕರಡು ತಿದ್ದುವ ಕೆಲಸ ಮಾತ್ರ ನಮ್ಮದೇ.

ಹೊಸದಾಗಿ ಬರೆಯುವವರು ಈ ಕೊನೆಯ ದಾರಿಗಳಿಗೆ ಬರಬೇಕಾದ ಅಗತ್ಯವೇ ಇಲ್ಲ. ಯೂನಿಕೋಡಿನಲ್ಲಿ ಬರೆಯಿರಿ, ಮುಕ್ತ ಫಾಂಟು ಬಳಸಿ, ಪಿಡಿಎಫ್/ಎ ಆಯ್ಕೆ ಮಾಡಿ. ಕಚೇರಿಗಳಿಗೆ ತಂತ್ರಾಂಶ ಕೊಳ್ಳುವ ಅಧಿಕಾರಿಗಳು ಟೆಂಡರಿನ ಷರತ್ತುಗಳಲ್ಲಿ ಒಂದು ಸಾಲು ಸೇರಿಸಲಿ: ಈ ತಂತ್ರಾಂಶ ಕೊಡುವ ಕನ್ನಡ ಪಿಡಿಎಫ್‌ನಲ್ಲಿ ಪದ ಹುಡುಕಿದರೆ ಸಿಗಬೇಕು, ನಕಲು ಮಾಡಿದರೆ ಕನ್ನಡವೇ ಬರಬೇಕು. ವಿಶ್ವವಿದ್ಯಾಲಯಗಳು ಪ್ರಬಂಧ ಸ್ವೀಕರಿಸುವ ಮುನ್ನ ಇದೇ ಪರೀಕ್ಷೆ ಮಾಡಲಿ. ಮನೆಯಲ್ಲಿ ಕುಳಿತು ಬರೆಯುವ ನಾವೂ ಮಾಡೋಣ. ಪಿಡಿಎಫ್ ಸಿದ್ಧವಾದ ಮೇಲೆ ಅದರೊಳಗೆ ಅರ್ಕಾವತ್ತಿರುವ ಒಂದು ಪದವನ್ನು ಹುಡುಕಿ ನೋಡಿ. ಸಿಗದಿದ್ದರೆ ಆ ಕಡತವನ್ನು ಯಾರಿಗೂ ಕಳಿಸಬೇಡಿ, ಮೂಲಕ್ಕೆ ಹೋಗಿ ಸರಿಪಡಿಸಿ.